ಕಾಯಿಸಿದ ಡೋಲು

"ಗುರುಗಳೇ, ಗುಡ್ಡದ ಜನರ ಕುಣಿತವನ್ನು ನಾವು ನಮ್ಮದು ಅನ್ನಬಹುದೇ?"

ಕೇಳಿದವನು ಮರುಳಯ್ಯ. ಮಠದ ಶಿಷ್ಯರಲ್ಲಿ ಹಿರಿಯ. ಅಂದು ಸಂಜೆ ಮಠದ ಅಂಗಳದಲ್ಲಿ ನಾಡಹಬ್ಬ. ಏರ್ಪಾಡೆಲ್ಲ ಅವನದೇ. ಬೆಳಗಿನಿಂದ ಅವನು ಚಾಪೆ ಹಾಸಿದ್ದ, ಎತ್ತಿದ್ದ, ಮತ್ತೆ ಹಾಸಿದ್ದ. ಗುಡ್ಡದಿಂದ ಕರೆಸಿದ ಕುಣಿತದವರು ಆಗಲೇ ಬಂದು, ಅಂಗಳದಾಚೆ ಹುಣಸೆಮರದ ಕೆಳಗೆ ಕೂತು, ಬೆಂಕಿಗೆ ಪುಳ್ಳೆ ಆರಿಸುತ್ತಿದ್ದರು.

ಗುರುಗಳು ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕಪ್ಪ ಈ ಅನುಮಾನ?"

"ಸ್ವಾಗತ ಹೇಳಬೇಕಾದವನು ನಾನು. 'ಇದು ನಮ್ಮದು' ಅಂದರೆ ಅವರ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. 'ಇದು ಅವರದು' ಅಂದರೆ ಅವರನ್ನು ದೂರ ಇಟ್ಟ ಹಾಗಾಗುತ್ತದೆ. ಎರಡೂ ತಪ್ಪು ಅನ್ನಿಸುತ್ತದೆ. ಯಾವ ಮಾತು ಆಡಲಿ?"

"ಅವರಿಗೆ ಜಾಗ ಎಲ್ಲಿ ಮಾಡಿದ್ದೀಯ?"

"ಎಲ್ಲರಿಗಿಂತ ಎತ್ತರದಲ್ಲಿ, ಗುರುಗಳೇ. ಹೊಸ ವೇದಿಕೆ ಕಟ್ಟಿಸಿದ್ದೇನೆ. ಕೊನೆಯ ಚಾಪೆಯಲ್ಲಿ ಕೂತವರಿಗೂ ಚೆನ್ನಾಗಿ ಕಾಣುತ್ತದೆ."

ಗುರುಗಳು ಈಗ ತಲೆ ಎತ್ತಿದರು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಕ್ಕುಬಿಟ್ಟರು. ಮಡಿಲಲ್ಲಿದ್ದ ಕಡಲೆಕಾಯಿ ಸಿಪ್ಪೆ ಕೆಳಗೆ ಚೆಲ್ಲಿತು.

"ನಿನ್ನಂಥವನೇ ಒಬ್ಬ ಇದ್ದ. ಕೂತುಕೋ, ಹೇಳುತ್ತೇನೆ," ಎಂದರು.

ಮರುಳಯ್ಯನಿಗೆ ಕೂರಲು ಪುರಸೊತ್ತಿರಲಿಲ್ಲ. ಆದರೂ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ರಾಜನಿದ್ದ. ಅವನ ಅಜ್ಜನ ಕಾಲಕ್ಕೆ ಅವನ ನಾಡು ಹತ್ತಾರು ಚೂರಾಗಿತ್ತು. ಕಡಲ ಕಡೆಯವರು ಬಯಲಿನವರನ್ನು ನಂಬುತ್ತಿರಲಿಲ್ಲ. ಬಯಲಿನವರು ಪೇಟೆಯವರನ್ನು ನಂಬುತ್ತಿರಲಿಲ್ಲ. ಪೇಟೆಯವರು ಯಾರನ್ನೂ ನಂಬುತ್ತಿರಲಿಲ್ಲ. ತಂದೆಯ ಕಾಲಕ್ಕೆ ನಾಡು ಒಂದಾಯಿತು. ಒಂದಾಯಿತು ಅಂದರೆ ಏನು? ನಡುನಡುವೆ ಇದ್ದ ಸುಂಕದ ಕಟ್ಟೆಗಳನ್ನು ಕಿತ್ತುಹಾಕಿದರು, ಅಷ್ಟೇ. ಜನ ಎಲ್ಲಿದ್ದರೋ ಅಲ್ಲೇ ಇದ್ದರು. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರಲಿಲ್ಲ.

ಈ ರಾಜನ ಮನಸ್ಸಿಗೆ ಅದು ನಾಟಿತು. ಒಂದು ಹಬ್ಬ ಮಾಡೋಣ ಎಂದುಕೊಂಡ. ಎಲ್ಲ ಕಡೆಯ ಜನ ಬರಲಿ, ತಮ್ಮ ತಮ್ಮ ಹಾಡು ಕುಣಿತ ತರಲಿ. ಎಲ್ಲವನ್ನೂ ಎಲ್ಲರೂ ನೋಡಲಿ. ಆಗ ನಾವೆಲ್ಲ ಒಂದು ಎಂದು ತಾನಾಗಿ ಗೊತ್ತಾಗುತ್ತದೆ.

ಹಬ್ಬದ ಹೊಣೆಯನ್ನು ಅವನು ತನ್ನ ಪಾರುಪತ್ಯಗಾರನಿಗೆ ಕೊಟ್ಟ. ಅರಮನೆಯ ಎಲ್ಲ ಏರ್ಪಾಡನ್ನೂ ನೋಡಿಕೊಳ್ಳುತ್ತಿದ್ದವನು ಅವನು. ಒಳ್ಳೆಯ ಮನುಷ್ಯ, ಆದರೆ ಗಡಿಬಿಡಿಯವನು. ಹೊಟ್ಟೆ ದೊಡ್ಡದು. ಆ ಹೊಟ್ಟೆಯನ್ನು ಮುಚ್ಚಲು ಹೊದೆಯುತ್ತಿದ್ದ ಶಾಲು ಇನ್ನೂ ದೊಡ್ಡದು. ಅವನ ವಿದ್ಯೆ ಒಂದೇ. ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ಯಾರ ಪಕ್ಕ ಕೂರಿಸಬಾರದು ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ರಾಜ ಬಂದಾಗ ಯಾರು ಏಳಬೇಕು, ಮಂತ್ರಿ ಬಂದಾಗ ಯಾರು ಏಳಬಾರದು, ಎಲ್ಲಕ್ಕೂ ಅವನ ಹತ್ತಿರ ಕಟ್ಟಳೆ ಇತ್ತು. ರಾಜನ ತಾಯಿಯ ವಿಷಯದಲ್ಲಂತೂ ಅವನ ಕಟ್ಟಳೆ ಬಲು ಬಿಗಿ. ರಾಜಮಾತೆ ಎದ್ದರೆ ಎಲ್ಲರೂ ಏಳಬೇಕು. ರಾಜಮಾತೆ ನಿಂತಿದ್ದಷ್ಟು ಹೊತ್ತೂ ಯಾರೂ ಕೂರುವ ಹಾಗಿಲ್ಲ. ಸ್ವತಃ ರಾಜನಿಗೂ ಇದರಿಂದ ಬಿಡುಗಡೆ ಇರಲಿಲ್ಲ.

ಪಾರುಪತ್ಯಗಾರ ಎಲ್ಲ ಕಡೆಗೂ ಹೋಗಿ ಜನರನ್ನು ಕರೆದ. ಕೊನೆಗೆ ಗುಡ್ಡಕ್ಕೂ ಹೋದ. ಏದುಸಿರು ಬಿಡುತ್ತಾ ಹತ್ತಿದ. ಆ ನಾಡು ನಾಡಾಗುವುದಕ್ಕೂ ಮೊದಲಿನಿಂದ ಗುಡ್ಡದ ಮೇಲೆ ಇದ್ದ ಜನ ಅವರು.

ಅವರದು ಒಂದು ಡೋಲು. ಗೂಟದ ಮೇಲೆ ತೂಗುಹಾಕಿರುತ್ತಿದ್ದರು. ಮಗುವಿಗೆ ಹೆಸರಿಡುವಾಗ, ಬೀಜ ಬಿತ್ತುವಾಗ, ಮದುವೆಯಾಗುವಾಗ ಕೆಳಗಿಳಿಸುತ್ತಿದ್ದರು. ಬಾರಿಸುವುದಕ್ಕೆ ಮೊದಲು ಬೆಂಕಿಯ ಮುಂದೆ ಹಿಡಿದು ಕಾಯಿಸುತ್ತಿದ್ದರು. ಕಾದರೆ ಚರ್ಮ ಬಿಗಿಯಾಗುತ್ತದೆ, ದನಿ ಏಳುತ್ತದೆ. ಇದು ಎಲ್ಲ ಕಡೆಯ ಡೋಲಿಗೂ ಇರುವ ಸಂಗತಿ. ಆದರೆ ಗುಡ್ಡದವರು ಇದರ ಜೊತೆಗೆ ಎರಡು ಮಾತು ಇಟ್ಟುಕೊಂಡಿದ್ದರು.

ಡೋಲು ಕಾಯಿಸಿದ ಮೇಲೆ ಅದರ ಮುಂದೆ ಇದ್ದವರೆಲ್ಲರೂ ಕುಣಿತದ ಸುತ್ತಿಗೆ ಬರಬೇಕು. ಒಬ್ಬರೂ ಹೊರಗೆ ಉಳಿಯಬಾರದು. ಹಸುಗೂಸನ್ನು ಎತ್ತಿಕೊಂಡು ಬರಬೇಕು. ಏಳಲಾರದ ಮುದುಕನಿದ್ದರೆ ಅವನ ಮಂಚವನ್ನೇ ಸುತ್ತಿನಲ್ಲಿ ಇಡಬೇಕು. ಎಲ್ಲರೂ ಬಂದ ಮೇಲೆಯೇ ಡೋಲಿಗೆ ಕೋಲು ಬೀಳಬೇಕು. ಇದು ಒಂದು ಮಾತು. ಕಾಯಿಸಿದ ಡೋಲು ಬಾರಿಸದೆ ತಣ್ಣಗಾಗಬಾರದು, ಇದು ಇನ್ನೊಂದು. ತಣ್ಣಗಾದರೆ ಅದನ್ನು ಗೂಟಕ್ಕೆ ಹಾಕಿ, ಆ ವರ್ಷವೆಲ್ಲ ಮುಟ್ಟುವ ಹಾಗಿಲ್ಲ. ಡೋಲಿಲ್ಲದೆ ಗುಡ್ಡದಲ್ಲಿ ಮದುವೆ ಇಲ್ಲ.

ಏಕೆ ಹಾಗೆ ಎಂದು ಕೇಳಬೇಡ ಮರುಳಯ್ಯ. ನೀನು ಊಟಕ್ಕೆ ಮೊದಲು ಎಲೆಗೆ ನೀರು ಚಿಮುಕಿಸುತ್ತೀಯ. ಏಕೆ ಎಂದು ನಾನು ಎಂದಾದರೂ ಕೇಳಿದ್ದೇನೆಯೇ?

ಡೋಲನ್ನು ನೋಡಿಕೊಳ್ಳುತ್ತಿದ್ದವನು ಕೇತ. ಅವನಿಗೆ ಬೊಮ್ಮಿ ಎಂದು ಒಬ್ಬಳೇ ಮಗಳು. ಹಳ್ಳದಾಚೆಯ ಹಾಡಿಯ ಹುಡುಗನಿಗೆ ಅವಳನ್ನು ಗೊತ್ತುಮಾಡಿದ್ದರು. ಹುಡುಗನಿಗೆ ಅವಳೆಂದರೆ ಪ್ರಾಣ, ಅವಳಿಗೂ ಅವನೆಂದರೆ ಪ್ರಾಣ. ಹಿಂದಿನ ವರ್ಷವೇ ಆಗಬೇಕಾಗಿದ್ದ ಮದುವೆ ಅದು. ಕೇತನ ತಾಯಿ ತೀರಿಕೊಂಡು ನಿಂತುಹೋಗಿತ್ತು. ಈ ವರ್ಷವೂ ನಿಂತರೆ ನಾವು ಬೇರೆ ಹೆಣ್ಣು ನೋಡುತ್ತೇವೆ ಎಂದು ಹುಡುಗನ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಹಬ್ಬ ಕಳೆದು ಬರುವ ಹುಣ್ಣಿಮೆಗೆ ಮದುವೆ ಎಂದು ನಿಶ್ಚಯವಾಗಿತ್ತು.

ಪಾರುಪತ್ಯಗಾರ ಬೆವರು ಒರೆಸಿಕೊಂಡು ಹೇಳಿದ: "ದೊರೆಗಳು ಹೇಳಿ ಕಳಿಸಿದಾರಪ್ಪ. ಇಡೀ ನಾಡಿನ ಜನ ಒಂದು ಕಡೆ ಸೇರ್ತಾರೆ. ನಿಮ್ಮ ಡೋಲೂ ಬರಬೇಕು."

ಕೇತ ತುಂಬ ಹೊತ್ತು ಯೋಚಿಸಿದ. ಆಮೇಲೆ ಕೇಳಿದ:

"ಅಷ್ಟು ದೊಡ್ಡ ಬಯಲು ಅದಾ ಸ್ವಾಮಿ ನಿಮ್ಮಲ್ಲಿ?"

"ಬೇಕಾದಷ್ಟಿದೆ," ಎಂದ ಪಾರುಪತ್ಯಗಾರ. ಇದೆಂಥ ಪ್ರಶ್ನೆ ಎಂದು ಒಳಗೊಳಗೇ ನಕ್ಕ.

ಕೇತ ಯೋಚಿಸುತ್ತಿದ್ದುದು ಬೇರೆ. ಡೋಲು ಹೋಗುತ್ತದೆ. ಇಡೀ ನಾಡಿನ ಜನ ಅದರ ಮುಂದೆ ಇರುತ್ತಾರೆ. ಅಂದ ಮೇಲೆ ಇಡೀ ನಾಡಿನ ಜನ ಸುತ್ತಿಗೆ ಬರುತ್ತಾರೆ. ಎಂಥ ಸುತ್ತು ಅದು! ಯಾವ ಗುಡ್ಡದ ಹುಡುಗಿಗೂ ಮದುವೆಗೆ ಮುಂಚೆ ಅಂಥ ಭಾಗ್ಯ ಸಿಕ್ಕಿರಲಿಲ್ಲ. ಕುಣಿತ ಇರುವಲ್ಲಿ ಕೂತು ನೋಡುವವರೂ ಇರುತ್ತಾರೆ ಎನ್ನುವುದು ಅವನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅಂಥವರನ್ನು ಅವನು ಕಂಡಿರಲಿಲ್ಲ. ನೀರಿಗೆ ಬಿದ್ದೂ ನೆನೆಯದವನನ್ನು ನೀನು ಕಂಡಿದ್ದೀಯಾ? ಹಾಗೆ.

ಹಬ್ಬದ ದಿನ ಗುಡ್ಡದವರು ಬೊಮ್ಮಿಯನ್ನು ಮುಂದೆ ಬಿಟ್ಟುಕೊಂಡು, ಹಾಡುತ್ತಾ ಇಳಿದು ಬಂದರು.

ಪಾರುಪತ್ಯಗಾರನ ಏರ್ಪಾಡನ್ನು ನೋಡಬೇಕಿತ್ತು. ಬಯಲಿನ ತುಂಬ ಚಪ್ಪರ. ಚಪ್ಪರದ ನಡುವೆ ಎತ್ತರದ ವೇದಿಕೆ. ಒಂದು ಕಡೆ ಕಡಲಿನವರು, ಒಂದು ಕಡೆ ರೈತರು, ಒಂದು ಕಡೆ ನೇಕಾರರು, ಇನ್ನೊಂದು ಕಡೆ ವರ್ತಕರು. ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗದ ಹಾಗೆ ನಡುವೆ ಹಗ್ಗ. ಯಾರ ಜಾಗವೂ ಮೇಲಲ್ಲ, ಯಾರದೂ ಕೀಳಲ್ಲ. ಹಾಗೆ ಹೊಂದಿಸುವುದಕ್ಕೆ ಪಾಪ, ಅವನು ನಿದ್ದೆ ಬಿಟ್ಟಿದ್ದ.

ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು. ಕಡಲಿನವರು ದೋಣಿಯ ಹಾಡು ಹಾಡಿದರು. ಕಡಲಿನವರು ಮಾತ್ರ ತಲೆದೂಗಿದರು. ನೇಕಾರರು ಕೋಲಾಟ ಆಡಿದರು. ಅಷ್ಟು ಹೊತ್ತಿಗೆ ರೈತರು ಬುತ್ತಿ ಬಿಚ್ಚಿದ್ದರು. ರೈತರ ಸರದಿ ಬಂದಾಗ ವರ್ತಕರು ಮಾಲಿನ ಧಾರಣೆ ಮಾತಾಡುತ್ತಿದ್ದರು. ಪ್ರತಿ ಸಲವೂ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಕೈಯೂ ನೋಯುವಷ್ಟು ಅಲ್ಲ. ರಾಜಮಾತೆ ತೂಕಡಿಸುತ್ತಿದ್ದಳು. ರಾಜ ನೋಡುತ್ತಿದ್ದ. ಎಲ್ಲರೂ ಬಂದಿದ್ದಾರೆ, ಆದರೂ ಯಾರೂ ಸೇರಿಲ್ಲ ಎಂದು ಅವನಿಗೆ ಅನ್ನಿಸಿತು. ಏನು ತಪ್ಪಿತು ಎನ್ನುವುದು ಮಾತ್ರ ತಿಳಿಯಲಿಲ್ಲ.

ಕೊನೆಗೆ ಗುಡ್ಡದವರ ಸರದಿ. ಚಪ್ಪರಕ್ಕೆ ಕಿಡಿ ಹಾರೀತು ಎಂದು ಪಾರುಪತ್ಯಗಾರ ಬೆಂಕಿಯನ್ನು ಬಹಳ ದೂರದಲ್ಲಿ ಹಾಕಿಸಿದ್ದ. ಕೇತ ಅಲ್ಲಿ ಡೋಲು ಕಾಯಿಸಿ, ಕಂಬಳಿಯಲ್ಲಿ ಸುತ್ತಿಕೊಂಡು, ಓಡೋಡಿ ಬಂದ. ಅವನನ್ನೂ ಅವನ ಜನರನ್ನೂ ವೇದಿಕೆ ಹತ್ತಿಸಿದರು.

ಕೇತ ಕೋಲು ಎತ್ತಿ ನಿಂತ. ಹಾಗೇ ನಿಂತ.

ಜನ ಕೂತಿದ್ದರು. ಕೇತ ನಗುಮುಖದಿಂದ ಎಲ್ಲರನ್ನೂ ನೋಡಿದ. ಏಳಲಿ ಎಂದು ಕಾದ. ಯಾರೂ ಏಳಲಿಲ್ಲ. ಹಿಂದಿನಿಂದ ಯಾರೋ ಕೆಮ್ಮಿದರು. ಪಾರುಪತ್ಯಗಾರ ವೇದಿಕೆಯ ಪಕ್ಕಕ್ಕೆ ಬಂದು, ಹಲ್ಲು ಕಚ್ಚಿ ಹೇಳಿದ:

"ಹೊಡಿಯೋ ಮಾರಾಯ! ದೊರೆ ಕಾಯ್ತಿದಾರೆ."

"ಅವ್ರು ಇನ್ನೂ ಎದ್ದಿಲ್ವಲ್ಲ ಸ್ವಾಮಿ."

"ಅವರು ಯಾಕೆ ಏಳಬೇಕು? ಕೂತು ನೋಡ್ತಾರೆ."

ಕೇತ ಗಟ್ಟಿಯಾಗಿ ನಕ್ಕ. ಪೇಟೆಯ ಜನ ತಮಾಷೆಯವರು ಎಂದು ಅವನು ಕೇಳಿದ್ದ. ಆದರೆ ಪಾರುಪತ್ಯಗಾರ ನಗಲಿಲ್ಲ. ಕೇತ ಮತ್ತೆ ಜನರ ಕಡೆ ನೋಡಿದ. ಕಾಲು ಮಡಿಸಿ, ಬೆನ್ನು ಆನಿಸಿ, ಎಲೆಯಡಿಕೆ ಮೆಲ್ಲುತ್ತಾ, ಅವರೆಲ್ಲ ನಿಜವಾಗಿಯೂ ಕೂತೇ ಇರುವವರು. ಅವನ ನಗು ನಿಂತಿತು. ಮೆಲ್ಲಗೆ ಡೋಲಿನ ಮೇಲೆ ಅಂಗೈ ಇಟ್ಟ. ಆಗಲೇ ಬಿಸಿ ಇಳಿಯುತ್ತಿತ್ತು.

ಅವನು ಕಂಬಳಿ ಎಳೆದು ಡೋಲನ್ನು ಎದೆಗೆ ಅವುಚಿಕೊಂಡು ಕೂತುಬಿಟ್ಟ.

"ಏನಾಯ್ತಯ್ಯ?" ಎಂದ ಪಾರುಪತ್ಯಗಾರ.

ಕೇತ ಹೇಳಿದ. ಸುತ್ತಿನ ಮಾತು ಹೇಳಿದ, ತಣ್ಣಗಾಗುವ ಮಾತು ಹೇಳಿದ. ವೇದಿಕೆಯ ಅಂಚಿನಲ್ಲಿ ಹೂ ಮುಡಿದು ನಿಂತಿದ್ದ ಮಗಳನ್ನು ತೋರಿಸಿದ. "ಇದು ತಣ್ಣಗಾದ್ರೆ ನನ್ನ ಬೊಮ್ಮಿ ಮದ್ವೆ ಇಲ್ಲ ಸ್ವಾಮಿ. ಹುಡುಗನ ಕಡೆಯವ್ರು ಕಾಯಾಕಿಲ್ಲ," ಎಂದ.

ಪಾರುಪತ್ಯಗಾರನಿಗೂ ಹೆಣ್ಣುಮಕ್ಕಳಿದ್ದರು. ಹಾಗೇ ಬಾರಿಸಿಬಿಡು ಎನ್ನೋಣವೆಂದರೆ ಕೇತ ಬಾರಿಸುವವನಲ್ಲ. ಮತ್ತೆ ಬೆಂಕಿಗೆ ಹಿಡಿ ಎನ್ನೋಣವೆಂದರೆ ಒಮ್ಮೆ ಕಾಯಿಸಿದ್ದನ್ನು ಬಾರಿಸದೆ ಮತ್ತೆ ಕಾಯಿಸುವ ಪದ್ಧತಿ ಅವರಲ್ಲಿ ಇಲ್ಲ. ಇನ್ನು ಎಲ್ಲರೂ ಎದ್ದು ಬನ್ನಿ ಎನ್ನೋಣವೆಂದರೆ ಯಾರಿಗೆ ಹೇಳುವುದು? ರಾಜನಿಗೆ 'ಏಳಿ' ಎನ್ನುವ ಕಟ್ಟಳೆ ಅವನ ಬಾಯಿಪಾಠದಲ್ಲಿ ಎಲ್ಲೂ ಇರಲಿಲ್ಲ. ರಾಜ ಕೂತಿರುವಾಗ ಬೇರೆಯವರು ಎದ್ದು ಕುಣಿಯುವ ಕಟ್ಟಳೆಯೂ ಇರಲಿಲ್ಲ.

ಅವನು ಒಂದು ಕೆಲಸ ಮಾಡಿದ. "ಇಲ್ಲಿ ಕೊಡಯ್ಯ," ಎಂದು ಡೋಲನ್ನು ಕೇತನ ಕೈಯಿಂದ ಇಸಿದುಕೊಂಡ. ತನ್ನ ಶಾಲಿನೊಳಗೆ ಸೇರಿಸಿ, ಹೊಟ್ಟೆಗೆ ಒತ್ತಿ ಹಿಡಿದ. ಎಂಥ ಹೊಟ್ಟೆ ಅಂತೀಯ! ಡೋಲಿಗೆ ಹೇಳಿ ಮಾಡಿಸಿದ ಜಾಗ. ಒಲೆಯ ಪಕ್ಕ ಮಲಗಿದ ಬೆಕ್ಕಿನ ಹಾಗೆ ಡೋಲು ಅಲ್ಲಿ ಬೆಚ್ಚಗೆ ಕೂತಿತು. ಅರಮನೆಯ ಪಾರುಪತ್ಯಗಾರ ತುಂಬು ಬಸುರಿಯ ಹಾಗೆ ಎಲ್ಲರ ಮುಂದೆ ನಿಂತ. ಮುಂದಿನ ಸಾಲಿನ ವರ್ತಕರು ಮುಸಿಮುಸಿ ನಕ್ಕರು. ಅವನು ಕದಲಲಿಲ್ಲ.

ಆದರೆ ಎಷ್ಟು ಹೊತ್ತು?

ಬೊಮ್ಮಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಅಳು ಬಂತು. ಅಳುತ್ತಾ ನಿಂತರೆ ಡೋಲು ಕಾದೀತೇ? ಅವಳು ಸೆರಗು ಬಿಗಿದುಕೊಂಡು ವೇದಿಕೆಯಿಂದ ದುಡುಮ್ಮನೆ ಕೆಳಗೆ ಹಾರಿದಳು. ನೆಟ್ಟಗೆ ನಡೆದಳು. ಸಿಪಾಯಿಗಳು ತಡೆಯಬೇಕೋ ಬಿಡಬೇಕೋ ತಿಳಿಯದೆ ಪಾರುಪತ್ಯಗಾರನ ಮುಖ ನೋಡಿದರು. ಅವನ ಎರಡು ಕೈಯೂ ಹೊಟ್ಟೆಯ ಮೇಲಿದ್ದವು. ಸನ್ನೆ ಮಾಡಲಾಗಲಿಲ್ಲ.

ಅವಳು ರಾಜನ ಹತ್ತಿರ ಹೋಗಲಿಲ್ಲ. ರಾಜ ಯಾರು, ಮಂತ್ರಿ ಯಾರು ಎಂದು ಅವಳಿಗೇನು ಗೊತ್ತು? ಗುಡ್ಡದಲ್ಲಿ ಮದುವೆಯ ಹುಡುಗಿ ಸುತ್ತಿಗೆ ಕರೆಯಬೇಕಾದರೆ, ಇದ್ದವರಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಮೊದಲು ಕರೆಯುತ್ತಾಳೆ. ಅವಳು ಸುತ್ತ ನೋಡಿದಳು. ಎಲ್ಲರಿಗಿಂತ ಬೆಳ್ಳಗಿನ ತಲೆ ರಾಜಮಾತೆಯದು. ತೂಕಡಿಸುತ್ತಿದ್ದವಳ ಮುಂದೆ ಹೋಗಿ ಮೊಣಕಾಲೂರಿ ಕೂತು, ಅವಳ ಎರಡೂ ಕೈ ಹಿಡಿದುಕೊಂಡಳು.

"ಅಜ್ಜೀ, ಹುಣ್ಣಿಮೆಗೆ ನನ್ನ ಮದ್ವೆ. ಕುಣಿಯಾಕೆ ಬರಾಕಿಲ್ವಾ?"

ಆ ಅರಮನೆಯಲ್ಲಿ ರಾಜಮಾತೆಯನ್ನು ಯಾರೂ ಅಜ್ಜಿ ಎಂದು ಕರೆದಿರಲಿಲ್ಲ. ಸ್ವಂತ ಮೊಮ್ಮಕ್ಕಳು ಕೂಡ ಕರೆದಿರಲಿಲ್ಲ. ಅದಕ್ಕೂ ಪಾರುಪತ್ಯಗಾರ ಬೇರೆ ಮಾತು ಕಲಿಸಿದ್ದ.

ರಾಜಮಾತೆ ಕಣ್ಣು ಬಿಟ್ಟಳು. ಹೂ ಮುಡಿದ ಹುಡುಗಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ನಿಂತಿರುವುದನ್ನೂ ನೋಡಿದಳು.

"ಮದುವೆ ಹುಡುಗಿ ಕರೆದರೆ ಇಲ್ಲ ಅನ್ನೋದುಂಟೇನೇ?" ಎಂದಳು. "ಮಂಡಿ ನೋವು ಕಣೇ. ಗಟ್ಟಿಯಾಗಿ ಹಿಡಕೋ."

ಹಾಗೆಂದು ಎದ್ದು ನಿಂತಳು.

ರಾಜಮಾತೆ ಎದ್ದಳು! ರಾಜ ದಡಬಡನೆ ಎದ್ದ. ರಾಜ ಎದ್ದನೆಂದು ಮಂತ್ರಿಗಳು ಎದ್ದರು. ಕಡಲಿನವರು, ರೈತರು, ನೇಕಾರರು, ವರ್ತಕರು, ಬುತ್ತಿ ಉಣ್ಣುತ್ತಿದ್ದವರು, ಎಲೆಯಡಿಕೆ ಮೆಲ್ಲುತ್ತಿದ್ದವರು, ಎಲ್ಲರೂ ಎದ್ದರು. ರಾಜಮಾತೆ ನಿಂತಿದ್ದಷ್ಟು ಹೊತ್ತೂ ಯಾರೂ ಕೂರುವ ಹಾಗಿಲ್ಲ. ಪಾರುಪತ್ಯಗಾರ ತಾನೇ ಮಾಡಿದ ಕಟ್ಟಳೆ ಅವನ ಕಣ್ಣೆದುರು ಇಡೀ ನಾಡನ್ನು ಎಬ್ಬಿಸಿ ನಿಲ್ಲಿಸಿತು.

ಕೇತ ವೇದಿಕೆಯಿಂದ ಇಳಿದ. ಅವನ ಜನ ಇಳಿದರು. ಒಬ್ಬೊಬ್ಬರೂ ಒಂದೊಂದು ಕಡೆ ಹೋಗಿ ಎದುರಿಗೆ ಸಿಕ್ಕವರ ಕೈ ಹಿಡಿದರು. ಹಿಡಿದವರು ಪಕ್ಕದವರ ಕೈ ಹಿಡಿದರು. ನಡುವೆ ಹಗ್ಗ ಅಡ್ಡ ಬಂತು. ಒಬ್ಬ ಮೀನುಗಾರ ಸೊಂಟದ ಚಾಕು ತೆಗೆದು ಕಚಕ್ಕನೆ ಕತ್ತರಿಸಿದ. ಹಗ್ಗದ ಆಚೆ ಬದಿಯಲ್ಲಿ ಒಬ್ಬ ನೇಕಾರ ನಿಂತಿದ್ದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕೈ ಹಿಡಿಯದೆ ಬೇರೆ ದಾರಿ ಇರಲಿಲ್ಲ. ಹಿಡಿದರು. ಒಂದು ಹಸುಗೂಸನ್ನು ಅದರ ತಾಯಿ ರಾಜನ ಕೈಗೆ ಕೊಟ್ಟು ಸೀರೆ ಸರಿಮಾಡಿಕೊಂಡಳು. ರಾಜ ಅದನ್ನು ಹಿಡಿದುಕೊಂಡೇ ಸುತ್ತಿನಲ್ಲಿ ನಿಂತ. ಮಗು ಅವನ ಮೀಸೆ ಹಿಡಿದು ಎಳೆಯಿತು.

ಬಯಲಿನ ಉದ್ದಕ್ಕೂ ಸುತ್ತು ಕೂಡಿತು. ಕೇತ ಅದನ್ನು ಕಣ್ಣಿನಿಂದಲೇ ಒಂದು ಸುತ್ತು ಬಂದ.

"ಇನ್ನೂ ಒಬ್ರು ಹೊರಗವ್ರೆ," ಎಂದ.

ಎಲ್ಲರೂ ತಿರುಗಿ ನೋಡಿದರು. ವೇದಿಕೆಯ ಪಕ್ಕ, ಡೋಲನ್ನು ಹೊಟ್ಟೆಗೆ ಅವುಚಿಕೊಂಡು, ಬೆವರಿನಿಂದ ತೊಯ್ದು, ಪಾರುಪತ್ಯಗಾರ ನಿಂತಿದ್ದ. ಎಲ್ಲರಿಗೂ ಜಾಗ ಮಾಡಿದ್ದವನು ತನಗೊಂದು ಜಾಗ ಮಾಡಿಕೊಂಡಿರಲಿಲ್ಲ. ರಾಜಮಾತೆ ಮತ್ತು ಬೊಮ್ಮಿ ಸ್ವಲ್ಪ ಸರಿದರು. ನಡುವೆ ಒಬ್ಬ ದಪ್ಪ ಮನುಷ್ಯ ಹಿಡಿಸುವಷ್ಟು ಜಾಗವಾಯಿತು. ಅವನು ಜೋಡು ಕಳಚಿ ಬಂದು ನಿಂತ. ಶಾಲು ತೆಗೆದು ಡೋಲನ್ನು ಕೇತನ ಕೈಗೆ ಕೊಟ್ಟ.

ಕೇತ ಅದರ ಮೇಲೆ ಅಂಗೈ ಇಟ್ಟ. ಬೊಮ್ಮಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಡೋಲು ಬಿಸಿಯಾಗಿತ್ತು.

ಕೋಲು ಬಿತ್ತು. ಆಮೇಲೆ ಆದದ್ದನ್ನು ಕುಣಿತ ಅನ್ನಬೇಕೋ ಬೇರೇನು ಅನ್ನಬೇಕೋ ನನಗೆ ಗೊತ್ತಿಲ್ಲ. ಬಲಕ್ಕೆ ಹೋಗಬೇಕಾದವರು ಎಡಕ್ಕೆ ಹೋದರು. ಒಬ್ಬರ ಕಾಲು ಒಬ್ಬರು ತುಳಿದರು. ಒಬ್ಬ ವರ್ತಕನ ರುಮಾಲು ಬಿಚ್ಚಿ, ಹಿಂದೆ ಬರುತ್ತಿದ್ದ ರೈತನ ಕುತ್ತಿಗೆಗೆ ಸುತ್ತಿಕೊಂಡಿತು. ಇಬ್ಬರೂ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಕಡಲಿನವರು ತಮ್ಮ ದೋಣಿಯ ಹಾಡನ್ನೇ ಆ ತಾಳಕ್ಕೆ ಸೇರಿಸಿದರು. ಕೇತ ಬೇಡವೆನ್ನಲಿಲ್ಲ, ಕೋಲನ್ನು ಒಂದಿಷ್ಟು ನಿಧಾನ ಮಾಡಿದ, ಹಾಡು ಸರಿಯಾಗಿ ಕೂತಿತು. ರಾಜಮಾತೆ ಮಂಡಿ ಹಿಡಿದುಕೊಂಡೇ ಕುಣಿದಳು. ಪಾರುಪತ್ಯಗಾರನ ಹೊಟ್ಟೆಯಂತೂ ಅವನಿಗಿಂತ ಚೆನ್ನಾಗಿ ಕುಣಿಯಿತು. ಆ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಯಲ್ಲೂ ಇನ್ನೊಬ್ಬರ ಕೈ ಇತ್ತು.

ರಾಜನ ಸಂತೋಷಕ್ಕೆ ಪಾರವಿರಲಿಲ್ಲ. ಡೋಲು ನಿಂತ ಮೇಲೆ, ಮಗುವನ್ನು ಅದರ ತಾಯಿಗೆ ಕೊಟ್ಟು, ಏದುಸಿರಿನಲ್ಲೇ ಹೇಳಿದ: "ಇವತ್ತಿನಿಂದ ಇದು ಗುಡ್ಡದ ಡೋಲಲ್ಲ, ನಾಡಿನ ಡೋಲು! ಅರಮನೆಯಲ್ಲಿ ಚಿನ್ನದ ಗೂಟ ಹೊಡೆಸುತ್ತೇನೆ. ಇದು ಅಲ್ಲೇ ಇರಲಿ."

ಜನ ಜಯಕಾರ ಹಾಕಿದರು. ಕೇತ ಒಬ್ಬ ಹಾಕಲಿಲ್ಲ. ತಲೆ ಕೆರೆದುಕೊಂಡ.

"ಇಟ್ಕೊಳ್ಳಿ ದೊರೆ. ಆದ್ರೆ ಇದನ್ನ ಕಾಯಿಸೋಕೆ ನಾನು ಬೇಕಲ್ಲ? ನಾನಿದ್ರೆ ನನ್ನ ಹೆಂಡ್ರು ಬೇಕು. ಅವಳಿಗೆ ಅವಳ ಒಲೆ ಬೇಕು. ಒಲೆಗೆ ನಮ್ಮ ಕಾಡಿನ ಸೌದೆ ಬೇಕು. ಆಮೇಲೆ ಸುತ್ತಿಗೆ ಬರೋಕೆ ನಮ್ಮ ಹಾಡಿ ಎಲ್ಲ ಬೇಕು. ಅಷ್ಟನ್ನೂ ಆ ಗೂಟಕ್ಕೆ ಹಾಕ್ತೀರಾ?"

ರಾಜಮಾತೆ ವೇದಿಕೆಯ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಅಲ್ಲಿಂದಲೇ ಮಗನಿಗೆ ಹೇಳಿದಳು: "ಸೊಸೆ ಇಷ್ಟವಾದಳು ಅಂತ ಅವಳ ತವರನ್ನೂ ಕಿತ್ತು ತರ್ತೀಯೇನೋ? ಬೇಕಾದಾಗ ನಾವೇ ಗುಡ್ಡ ಹತ್ತೋಣ ಬಿಡು."

ರಾಜ ನಕ್ಕ. ಡೋಲನ್ನು ತಾನೇ ಎತ್ತಿ ಕೇತನ ಹೆಗಲಿಗೆ ಹಾಕಿದ.

ಹುಣ್ಣಿಮೆಗೆ ಬೊಮ್ಮಿಯ ಮದುವೆ ಆಯಿತು. ಸುತ್ತಿಗೆ ಬಂದವರೆಲ್ಲ ಮದುವೆಯ ಹುಡುಗಿಗೆ ನೆಂಟರು ಎನ್ನುವುದು ಗುಡ್ಡದವರ ಲೆಕ್ಕ. ನೆಂಟರು ಬಾರದೆ ಇರುತ್ತಾರೆಯೇ? ನೇಕಾರರು ಸೀರೆ ತಂದರು. ಕಡಲಿನವರು ಒಣಮೀನು ಹೊತ್ತು ತಂದರು. ರೈತರು ರಾಗಿ ಮೂಟೆ ತಂದರು. ವರ್ತಕರು ಹಸಿವು ತಂದರು. ಹುಡುಗನ ಅಪ್ಪ ಅಷ್ಟು ಜನರನ್ನು ನೋಡಿ ಬೆಪ್ಪಾಗಿ ನಿಂತುಬಿಟ್ಟ. ಬೇರೆ ಹೆಣ್ಣಿನ ಮಾತನ್ನು ಆಮೇಲೆ ಅವನು ಎತ್ತಲಿಲ್ಲ. ರಾಜಮಾತೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹೊತ್ತು ತಂದರು. ಹಿಂದೆ ಏದುಸಿರು ಬಿಡುತ್ತಾ ಪಾರುಪತ್ಯಗಾರ ಬಂದ. ಡೋಲು ಕಾಯಿಸಿ ಆದ ಮೇಲೆ, ಎಲ್ಲರೂ ಬಂದು ಸೇರುವವರೆಗೆ, ಕೇತ ಅದನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಪಾರುಪತ್ಯಗಾರನ ಹೊಟ್ಟೆಗೇ ಕೊಟ್ಟ. ಅಂದಿನಿಂದ ಗುಡ್ಡದ ಮದುವೆಗಳಿಗೆ ಕೆಳಗಿನ ಊರಿನಿಂದ ಒಬ್ಬ ಹೊಟ್ಟೆಯವನನ್ನು ಕರೆಸುವುದೂ ಒಂದು ಪದ್ಧತಿಯಾಯಿತು.

ಮರುವರ್ಷ ಹಬ್ಬದ ದಿನ ರಾಜ ಕೇಳಿದ: "ಈ ಸಲ ವೇದಿಕೆ ಎಲ್ಲಿ ಹಾಕಿಸಿದ್ದೀರಿ?"

ಪಾರುಪತ್ಯಗಾರ ಹೇಳಿದ: "ಅದರ ಹಲಗೆಯನ್ನೆಲ್ಲ ಒಲೆಗೆ ಹಾಕಿದೆ ಮಹಾಸ್ವಾಮಿ. ಅನ್ನ ಬೇಯುತ್ತಿದೆ."

ಗುರುಗಳು ಕತೆ ನಿಲ್ಲಿಸಿದರು. ಸುಲಿದ ಕಡಲೆಬೀಜವನ್ನು ಒಂದು ಹಿಡಿ ಮರುಳಯ್ಯನ ಕೈಗೆ ಹಾಕಿದರು.

ಮರುಳಯ್ಯ ನಗುತ್ತಿದ್ದ. ಕಣ್ಣಂಚು ಒದ್ದೆಯಾಗಿತ್ತು. ಆದರೂ ಅವನ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ. ಬೀಜ ಬಾಯಿಗೆ ಹಾಕಿಕೊಳ್ಳದೆ ಕೇಳಿದ:

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ಡೋಲು ಕೊನೆಗೆ ಯಾರದಾಯಿತು? ಗುಡ್ಡದವರದೋ, ನಾಡಿನದೋ? ನಾನು ಸ್ವಾಗತದಲ್ಲಿ ಏನೆಂದು ಹೇಳಲಿ?"

ಗುರುಗಳು ಮಡಿಲಿನ ಸಿಪ್ಪೆ ಕೊಡವಿದರು. ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಎದ್ದು ನಿಂತರು. ಹುಣಸೆಮರದ ಕೆಳಗೆ ಬೆಂಕಿ ಹೊತ್ತಿತ್ತು. ಗುಡ್ಡದ ಮುದುಕನೊಬ್ಬ ಡೋಲನ್ನು ಅದರ ಮುಂದೆ ತಿರುಗಿಸಿ ತಿರುಗಿಸಿ ಹಿಡಿದು, ಈಗ ಅಂಗೈ ಇಟ್ಟು ನೋಡುತ್ತಿದ್ದ. ಗುರುಗಳು ಪಾದುಕೆಯನ್ನು ಜಗಲಿಯ ಮೇಲೇ ಬಿಟ್ಟು, ಅಂಗಳಕ್ಕೆ ಇಳಿದು, ತಿರುಗಿ ನೋಡಿದರು.

"ಅಲ್ಲಿ ಡೋಲು ಬಿಸಿಯಾಗಿದೆ ಮರುಳಯ್ಯ, ನೀನು ಇನ್ನೂ ಕೂತೇ ಇದ್ದೀಯಲ್ಲ."

ಮರುಳಯ್ಯ ಬೀಜವನ್ನು ಬಾಯಿಗೆ ಹಾಕಿಕೊಂಡು ಎದ್ದ.